ಸ್ಥಳೀಯ ಸಂಸ್ಥೆಗಳಿಂದ ಬರಬೇಕಾದ ಬಾಕಿ: ದಾವೆ, ಮಧ್ಯಸ್ಥಿಕೆ ಮತ್ತು ಸಣ್ಣ ಉದ್ದಿಮೆದಾರರ ಹಕ್ಕುಗಳು

ನಗರಸಭೆ, ಪುರಸಭೆ ಹಾಗೂ ಮಹಾನಗರ ಪಾಲಿಕೆಗಳು ವ್ಯಾಪಾರಸ್ಥರಿಗೆ ಮತ್ತು ಸಣ್ಣ ಉತ್ಪಾದಕರಿಗೆ ದೊಡ್ಡ ಗ್ರಾಹಕರು. ಬೀದಿದೀಪದ ಸಾಮಗ್ರಿ, ನೀರು ಸರಬರಾಜಿನ ಪೈಪು ಮತ್ತು ವಾಲ್ವು, ಕಸದ ತಳ್ಳುಗಾಡಿ, ಬ್ಲೀಚಿಂಗ್ ಪುಡಿ, ಕಚೇರಿ ಪೀಠೋಪಕರಣ ಮುಂತಾದುವನ್ನು ಇವು ವರ್ಷವಿಡೀ ಖರೀದಿಸುತ್ತವೆ. ಈ ಗ್ರಾಹಕರು ದಿವಾಳಿ ಎದ್ದು ಊರು ಬಿಡುವ ಭಯವಿಲ್ಲ. ಆದರೆ ಹಣ ಯಾವಾಗ ಬರುತ್ತದೆಂಬ ಭರವಸೆಯೂ ಇಲ್ಲ. ಬಾಕಿ ವಸೂಲಿಗಾಗಿ ದಾವೆ ಹೂಡಬೇಕೆ, ಮಧ್ಯಸ್ಥಿಕೆಗೆ ಹೋಗಬೇಕೆ, ಕಾಯುತ್ತ ಕೂರಬೇಕೆ ಎಂಬ ಪ್ರಶ್ನೆ ಹಲವು ಉದ್ದಿಮೆದಾರರನ್ನು ಒಮ್ಮೆಯಾದರೂ ಕಾಡಿರುತ್ತದೆ.

ವಿಷಯದ ಸ್ಪಷ್ಟತೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಸಣ್ಣ ಉದ್ದಿಮೆಯಾಗಿ ನೋಂದಣಿಯಾದ ಕಾರ್ಖಾನೆಯೊಂದು ನಗರಸಭೆಯೊಂದಕ್ಕೆ ಟೆಂಡರಿನ ಮೂಲಕ ನೀರು ಸರಬರಾಜಿನ ವಾಲ್ವುಗಳನ್ನು ಪೂರೈಸಿದೆ. ತೆರಿಗೆ ಸೇರಿ ಬಿಲ್ಲಿನ ಮೊತ್ತ 10 ಲಕ್ಷ ರೂಪಾಯಿ. ಸರಕು ಉಗ್ರಾಣ ಸೇರಿ, ಬಡಾವಣೆಗಳಲ್ಲಿ ಅಳವಡಿಕೆಯೂ ಆಗಿದೆ. ಪಾವತಿಯ ದಿನ ಕಳೆದು ಎರಡು ವರ್ಷವಾದರೂ ಹಣ ಬಂದಿಲ್ಲ. ಇತ್ತ ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಪ್ರತಿ ತಿಂಗಳೂ ಬಡ್ಡಿ ಬೀಳುತ್ತಿದೆ. ಕಚ್ಚಾ ಸಾಮಗ್ರಿ ಕೊಟ್ಟವರು ಸಾಲ ನಿಲ್ಲಿಸಿದ್ದಾರೆ. ವಾರದ ಬಟವಾಡೆಗೆ ಕೈಸಾಲ ಮಾಡಬೇಕಾಗಿದೆ. ಈ ಉದ್ದಿಮೆದಾರನಿಗೆ ಕಾನೂನು ಏನು ಕೊಟ್ಟಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಣ ತಡೆಯುವುದೇಕೆ?

ಖಾಸಗಿ ಗ್ರಾಹಕನಲ್ಲಿ ಮಾಲೀಕನ ಮನಸ್ಸು ಒಲಿದರೆ ಚೆಕ್ಕು ಬರುತ್ತದೆ. ಸ್ಥಳೀಯ ಸಂಸ್ಥೆಯಲ್ಲಿ ಮನಸ್ಸು ಒಲಿದರೆ ಸಾಲದು, ಕಡತ ಒಲಿಯಬೇಕು. ಸರಬರಾಜು ಆದೇಶ, ಉಗ್ರಾಣದ ದಾಸ್ತಾನು ವಹಿಯ ನಮೂದು, ಅಭಿಯಂತರರ ಗುಣಮಟ್ಟದ ದೃಢೀಕರಣ, ಲೆಕ್ಕಶಾಖೆಯ ತಪಾಸಣೆ, ಅನುದಾನದ ಲಭ್ಯತೆ, ಪೌರಾಯುಕ್ತರ ಸಹಿ ಇವೆಲ್ಲ ಒಂದರ ಹಿಂದೊಂದು ಬರಬೇಕು. ಒಂದು ಕೊಂಡಿ ತಪ್ಪಿದರೆ ಕಡತ ನಿಲ್ಲುತ್ತದೆ. ಅಧಿಕಾರಿ ವರ್ಗಾವಣೆಯಾದರೆ ಹೊಸಬರು ಹಳೆಯ ಕಡತಕ್ಕೆ ಸಹಿ ಹಾಕಲು ಹಿಂಜರಿಯುತ್ತಾರೆ. ಪಾವತಿಯಲ್ಲಿ ಲೋಪವಾದರೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬರುವುದು, ಕೆಲವೊಮ್ಮೆ ಮೊತ್ತವನ್ನು ವಸೂಲು ಮಾಡುವ ಪ್ರಸ್ತಾಪವಾಗುವುದು ಸಹಿ ಹಾಕಿದವರ ಮೇಲೆಯೇ. ಪಾವತಿ ತಡವಾದುದಕ್ಕೆ ಮಾತ್ರ ಯಾರೂ ಅವರನ್ನು ವೈಯಕ್ತಿಕವಾಗಿ ಕೇಳುವುದು ವಿರಳ.

ಇದನ್ನು ಅರಿತರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ. ಅಧಿಕಾರಿಯು ಭಯವಿಲ್ಲದೆ ಸಹಿ ಹಾಕಬಹುದಾದ ಕಾಗದವನ್ನು ಒದಗಿಸುವುದೇ ಬಾಕಿದಾರನ ಕೆಲಸ. ಅಂಥ ಕಾಗದಗಳಲ್ಲಿ ಅತ್ಯಂತ ಬಲವಾದುದು ನ್ಯಾಯಾಲಯದ ಅಥವಾ ಮಧ್ಯಸ್ಥಗಾರರ ಆದೇಶ. ಸ್ವಂತ ವಿವೇಚನೆಯಿಂದ ಒಂದು ಲಕ್ಷ ಕೊಡಲು ಅಂಜುವ ಕಚೇರಿ, ಆದೇಶ ಕೈಯಲ್ಲಿದ್ದರೆ ಹತ್ತು ಲಕ್ಷವನ್ನೂ ಕೊಡಬಲ್ಲದು. ಆದ್ದರಿಂದ ದಾವೆಯನ್ನು ಜಗಳವೆಂದು ಮಾತ್ರ ಭಾವಿಸಬೇಕಾಗಿಲ್ಲ.

ದಾವೆ ಬಂದಾಗ ಕಚೇರಿಯಲ್ಲಿ ನಡೆಯುವುದು

ನೋಟೀಸು ಅಥವಾ ಸಮನ್ಸು ತಲುಪಿದೊಡನೆ ಕಡತವು ಕಾನೂನು ಶಾಖೆಗೆ, ಅಲ್ಲಿಂದ ಸಂಸ್ಥೆಯ ಪಟ್ಟಿಯಲ್ಲಿರುವ ವಕೀಲರಿಗೆ ಹೋಗುತ್ತದೆ. ವಕೀಲರು ಸಂಬಂಧಪಟ್ಟ ಶಾಖೆಯಿಂದ ಕಂಡಿಕೆವಾರು ಉತ್ತರ ಕೇಳುತ್ತಾರೆ. ಸರಕು ಪಡೆದ ಅಭಿಯಂತರರು ಬೇರೆಡೆ ಇದ್ದರೆ ಉತ್ತರ ತಡವಾಗುತ್ತದೆ. ವಿಷಯ ತಿಳಿಯದ ವಕೀಲರು ಎಲ್ಲವನ್ನೂ ನಿರಾಕರಿಸಿ ಲಿಖಿತ ಹೇಳಿಕೆ ಸಲ್ಲಿಸುತ್ತಾರೆ. ಒಪ್ಪಿಕೊಳ್ಳುವ ಅಧಿಕಾರ ಯಾರಿಗೂ ಸ್ಪಷ್ಟವಾಗಿ ಇಲ್ಲದ ಕಾರಣ ನಿರಾಕರಣೆಯೇ ಸುರಕ್ಷಿತ ಮಾರ್ಗವಾಗುತ್ತದೆ. ಕೆಳ ನ್ಯಾಯಾಲಯದಲ್ಲಿ ಸೋತರೂ ಮೇಲ್ಮನವಿ ಸಲ್ಲಿಸಿದರೆ ‘ಸಂಸ್ಥೆಯ ಹಿತ ಕಾಪಾಡಿದಂತೆ’ ದಾಖಲೆಯಾಗುತ್ತದೆ.

ಇದಕ್ಕೆ ಪ್ರತಿಯಾಗಿ ಬಾಕಿದಾರನ ಬಳಿ ಇರಬೇಕಾದುದು ಸಂಸ್ಥೆಯದೇ ಬರವಣಿಗೆ. ಉಗ್ರಾಣ ಪಾಲಕರ ಸ್ವೀಕೃತಿ, ದಾಸ್ತಾನು ವಹಿಯ ಪುಟಸಂಖ್ಯೆ, ಬಿಲ್ಲು ತಪಾಸಣೆಯ ಟಿಪ್ಪಣಿ ಇವುಗಳ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ ಪಡೆಯಬಹುದು. ಉತ್ತರಕ್ಕೆ 30 ದಿನಗಳ ಅವಧಿ ಇದೆ. ದಾವೆ ಹೂಡುವ ಮೊದಲೇ ಈ ಅರ್ಜಿ ಹಾಕುವುದು ಜಾಣತನ. ‘ಬಿಲ್ಲು ಸರಿಯಿದೆ, ಅನುದಾನ ಬಂದ ನಂತರ ಪಾವತಿಸಬಹುದು’ ಎಂದು ಟಿಪ್ಪಣಿ ಹಾಳೆಯಲ್ಲಿ ಬರೆದಿದ್ದರೆ ಆ ಒಂದು ಸಾಲು ಹತ್ತು ಸಾಕ್ಷಿಗಳಿಗೆ ಸಮ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12, ನಿಯಮ 6ರಂತೆ, ಸ್ಪಷ್ಟ ಒಪ್ಪಿಗೆ ಇರುವ ಮೊತ್ತಕ್ಕೆ ಪೂರ್ಣ ವಿಚಾರಣೆಗೆ ಕಾಯದೆ ತೀರ್ಪು ನೀಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕಾಲಪರಿಮಿತಿ: ಮೊದಲ ಅಪಾಯ

ಬಾಕಿದಾರರು ಮಾಡುವ ದೊಡ್ಡ ತಪ್ಪು ಕಾಯುವುದು. 1963ರ ಕಾಲಪರಿಮಿತಿ ಕಾಯ್ದೆಯಂತೆ ಮಾರಿದ ಸರಕಿನ ಬೆಲೆಗಾಗಿ ಹೂಡುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಮಿತಿ ಇದೆ. ಸಾಲದ ಅವಧಿ ಗೊತ್ತುಪಡಿಸಿರದಿದ್ದರೆ ಸರಕು ಒಪ್ಪಿಸಿದ ದಿನದಿಂದ, ಗೊತ್ತುಪಡಿಸಿದ್ದರೆ ಆ ಅವಧಿ ಮುಗಿದ ದಿನದಿಂದ ಲೆಕ್ಕ. ಪೂರೈಕೆದಾರನು ತಿಂಗಳಿಗೊಂದರಂತೆ ಜ್ಞಾಪನಾ ಪತ್ರ ಬರೆದರೂ ಈ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಅವಧಿಯನ್ನು ಹೊಸದಾಗಿ ಆರಂಭಿಸುವ ಮುಖ್ಯ ಮಾರ್ಗಗಳು ಎರಡು: ಅವಧಿಯೊಳಗೆ ಸಂಸ್ಥೆಯ ಅಧಿಕೃತ ವ್ಯಕ್ತಿ ಸಹಿ ಮಾಡಿದ ಋಣದ ಒಪ್ಪಿಗೆ (ಕಲಂ 18), ಅಥವಾ ಅವಧಿಯೊಳಗೆ ಬಂದ ಭಾಗಶಃ ಪಾವತಿ (ಕಲಂ 19). ಭಾಗಶಃ ಪಾವತಿಗೂ ಕೊಟ್ಟವರ ಕೈಬರಹದ ಅಥವಾ ಸಹಿಯ ದಾಖಲೆ ಬೇಕು.

ಪ್ರತಿ ವರ್ಷ ಮಾರ್ಚ್ 31ಕ್ಕೆ ಲೆಕ್ಕಪತ್ರ ಮುಗಿಸುವಾಗ ಸಾಲಗಾರರಿಂದ ಬಾಕಿ ದೃಢೀಕರಣ ಪತ್ರ ಪಡೆಯುವ ಪದ್ಧತಿ ವಾಣಿಜ್ಯದಲ್ಲಿ ಹಳೆಯದು. ಲೆಕ್ಕಪರಿಶೋಧನೆಯ ಔಪಚಾರಿಕತೆ ಎಂದು ಅನೇಕರು ಇದನ್ನು ಕಡೆಗಣಿಸುತ್ತಾರೆ. ಅಧಿಕೃತ ಸಹಿಯುಳ್ಳ ಆ ಪತ್ರವೇ ಕಲಂ 18ರ ಒಪ್ಪಿಗೆಯಾಗಿ ಮೂರು ವರ್ಷಗಳ ಹೊಸ ಆಯುಷ್ಯ ತರಬಲ್ಲದು. ಉದಾಹರಣೆಯ ಕಾರ್ಖಾನೆಗೆ ಎರಡು ವರ್ಷ ಕಳೆದಿದೆ. ಅದರ ಬಳಿ ಉಳಿದಿರುವುದು ಹೆಚ್ಚೆಂದರೆ ಒಂದು ವರ್ಷ.

ಮುನ್ಸೂಚನೆ ಮತ್ತು ವಾಣಿಜ್ಯ ನ್ಯಾಯಾಲಯ

ಸ್ಥಳೀಯ ಸಂಸ್ಥೆಯ ಮೇಲೆ ನೇರವಾಗಿ ದಾವೆ ಹೂಡುವಂತಿಲ್ಲ ಎಂಬುದು ಎರಡನೆಯ ಎಚ್ಚರಿಕೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ ಕಲಂ 482 ಅಂಥ ದಾವೆಗಳಿಗೆ ಮೊದಲು ಲಿಖಿತ ನೋಟೀಸು ನೀಡಿ 60 ದಿನ ಕಾಯಬೇಕೆಂದು ವಿಧಿಸುತ್ತದೆ. ನಗರಸಭೆ, ಪುರಸಭೆಗಳಿಗೆ ಅನ್ವಯಿಸುವ 1964ರ ಕಾಯ್ದೆಯಲ್ಲೂ ಮುನ್ಸೂಚನೆಯ ನಿಯಮವಿದೆ. ಬೆಂಗಳೂರಿಗೆ 2025ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024 ಅನ್ವಯವಾಗುತ್ತದೆ. ಇಂಥ ಕಾಯ್ದೆಗಳಡಿ ನಡೆಸಿದ ಕೃತ್ಯಗಳ ಕುರಿತ ದಾವೆಗೆ ಮೂರು ವರ್ಷಕ್ಕಿಂತ ಕಿರಿದಾದ ಅವಧಿಯೂ ನಿಗದಿಯಾಗಿರಬಹುದು. ಆದ್ದರಿಂದ ಬಾಕಿ ಬೀಳತೊಡಗಿದಾಗಲೇ ವಕೀಲರ ಅಭಿಪ್ರಾಯ ಪಡೆಯುವುದು ಕ್ಷೇಮ.

ಸರಕು ಮಾರಾಟದ ವಿವಾದವು 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ, 2018ರ ತಿದ್ದುಪಡಿಯ ನಂತರ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ವ್ಯಾಪ್ತಿಗೆ ಬರುತ್ತದೆ. ಎದುರು ಪಕ್ಷ ಸರ್ಕಾರಿ ಸಂಸ್ಥೆಯೆಂಬ ಕಾರಣಕ್ಕೆ ವಿವಾದವು ವಾಣಿಜ್ಯ ಸ್ವರೂಪವನ್ನು ಕಳೆದುಕೊಳ್ಳುವುದಿಲ್ಲ. ಇಲ್ಲಿ ಎರಡು ನಿಯಮಗಳು ಮುಖ್ಯ. ಮೊದಲನೆಯದು, ತುರ್ತು ಮಧ್ಯಂತರ ಪರಿಹಾರ ಬೇಕಿಲ್ಲದಿದ್ದರೆ ಕಲಂ 12ಎ ಪ್ರಕಾರ ದಾವೆಗೆ ಮೊದಲು ಸಂಧಾನ ಕಡ್ಡಾಯ. ಪಾಟೀಲ್ ಆಟೋಮೇಷನ್ ಪ್ರಕರಣದಲ್ಲಿ (2022) ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಥಿರಪಡಿಸಿತು. ಸಂಧಾನದಲ್ಲಿ ಕಳೆದ ಅವಧಿಯನ್ನು ಕಾಲಪರಿಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ. ಎರಡನೆಯದು, ಪ್ರತಿವಾದಿಯು ಸಮನ್ಸು ತಲುಪಿದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ‘ಕಂಡಿಕೆವಾರು ಉತ್ತರ ಬಂದಿಲ್ಲ’ ಎಂಬ ಕಾರಣದ ಮೇಲೆ ವರ್ಷಗಟ್ಟಲೆ ಮುಂದೂಡುವ ಹಳೆಯ ಪರಿಪಾಠಕ್ಕೆ ಇಲ್ಲಿ ಅವಕಾಶವಿಲ್ಲ.

ರಿಟ್ ಅರ್ಜಿಯ ಬಗೆಗೂ ಒಂದು ಮಾತು. ಕರಾರಿನ ಹಣಕ್ಕಾಗಿ ಉಚ್ಚ ನ್ಯಾಯಾಲಯವು ಸಾಮಾನ್ಯವಾಗಿ ರಿಟ್ ಅಧಿಕಾರ ಚಲಾಯಿಸುವುದಿಲ್ಲ. ಆದಾಗ್ಯೂ ಅದಕ್ಕೆ ಸಂಪೂರ್ಣ ನಿಷೇಧವಿಲ್ಲವೆಂದು ಎಬಿಎಲ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ (2003) ಸರ್ವೋಚ್ಚ ನ್ಯಾಯಾಲಯ ಹೇಳಿದೆ. ವಾಸ್ತವಾಂಶಗಳಲ್ಲಿ ವಿವಾದವಿಲ್ಲದೆ, ಸಂಸ್ಥೆಯೇ ಬಾಕಿಯನ್ನು ಒಪ್ಪಿಕೊಂಡಿರುವಾಗ ಈ ಮಾರ್ಗವನ್ನು ಯೋಚಿಸಬಹುದು.

ಮಧ್ಯಸ್ಥಿಕೆಯ ಕರಾರು ಇದೆಯೆ?

ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಷನ್, ತಾನಾಗಿ ಬರುವ ಹಕ್ಕಲ್ಲ. ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆ, 1996ರ ಕಲಂ 7ರಂತೆ ಲಿಖಿತ ಒಪ್ಪಂದ ಬೇಕು. ಟೆಂಡರು ಷರತ್ತುಗಳಲ್ಲಿ ಇರುವ ‘ಅಧಿಕಾರಿಯ ನಿರ್ಧಾರವೇ ಅಂತಿಮ’ ಎಂಬ ವಾಕ್ಯವನ್ನು ಹಲವರು ಮಧ್ಯಸ್ಥಿಕೆಯ ಕರಾರೆಂದು ತಿಳಿಯುತ್ತಾರೆ. ಉತ್ತರ ಪ್ರದೇಶ ಸರ್ಕಾರ ಮತ್ತು ಟಿಪ್ಪರ್ ಚಂದ್ ನಡುವಣ ಪ್ರಕರಣದಲ್ಲಿ (1980) ಇಂಥ ಷರತ್ತು ಮೇಲ್ವಿಚಾರಣೆಯ ಅಧಿಕಾರ ಮಾತ್ರ, ಮಧ್ಯಸ್ಥಿಕೆಯ ಒಪ್ಪಂದವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದ್ದರಿಂದ ಷರತ್ತಿನ ಪದಗಳನ್ನು ಟೆಂಡರು ಹಾಕುವ ಮೊದಲೇ ಓದಬೇಕು.

ಸಂಸ್ಥೆಯ ಅಧಿಕಾರಿಯೇ ಮಧ್ಯಸ್ಥಗಾರನಾಗುವ ಕಾಲ ಮುಗಿದಿದೆ. 2015ರ ತಿದ್ದುಪಡಿಯು ಪಕ್ಷಕಾರರ ನೌಕರರನ್ನು ಅನರ್ಹಗೊಳಿಸಿತು. ಅಂಥ ಅನರ್ಹ ವ್ಯಕ್ತಿ ಬೇರೊಬ್ಬರನ್ನು ನೇಮಿಸುವಂತಿಲ್ಲ ಎಂದು 2017ರಲ್ಲಿ, ಫಲಿತಾಂಶದಲ್ಲಿ ಆಸಕ್ತಿಯುಳ್ಳ ಪಕ್ಷ ಏಕಪಕ್ಷೀಯವಾಗಿ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ತೀರ್ಪು ಬಂತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಸಾರ್ವಜನಿಕ ಸಂಸ್ಥೆಗಳ ಕರಾರುಗಳಲ್ಲಿಯೂ ಏಕಪಕ್ಷೀಯ ನೇಮಕಾತಿಯ ಷರತ್ತು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಸಾರಿತು. ಒಮ್ಮತವಾಗದಿದ್ದರೆ ಕಲಂ 11ರಡಿ ಉಚ್ಚ ನ್ಯಾಯಾಲಯದ ಮೂಲಕ ನೇಮಕ ಪಡೆಯಬಹುದು.

ಪಕ್ಷಕಾರರ ಹೇಳಿಕೆಗಳು ಪೂರ್ಣಗೊಂಡ 12 ತಿಂಗಳೊಳಗೆ ಐತೀರ್ಪು ಬರಬೇಕು. ಉಭಯ ಸಮ್ಮತಿಯಿಂದ ಇನ್ನೂ ಆರು ತಿಂಗಳು ವಿಸ್ತರಿಸಬಹುದು. ಅದನ್ನು ಪ್ರಶ್ನಿಸಲು ಮೂರು ತಿಂಗಳು, ಸಕಾರಣವಿದ್ದರೆ ಮೇಲೆ 30 ದಿನ ಮಾತ್ರ. ಹಿಂದೆ ಪ್ರಶ್ನಿಸಿದ ಮಾತ್ರಕ್ಕೆ ಜಾರಿ ತಾನಾಗಿ ನಿಲ್ಲುತ್ತಿತ್ತು. 2015ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ತಡೆಯಾಜ್ಞೆ ಕೇಳುವಾಗ ಸರ್ಕಾರಕ್ಕೆ ವಿಶೇಷ ರಿಯಾಯಿತಿ ಇಲ್ಲವೆಂದು ಪಾಮ್ ಡೆವಲಪ್‌ಮೆಂಟ್ಸ್ ಪ್ರಕರಣದಲ್ಲಿ (2019) ಸ್ಪಷ್ಟವಾಗಿದೆ. ಮಧ್ಯಸ್ಥಗಾರರ ಶುಲ್ಕ ಮಾತ್ರ ಸಣ್ಣ ಬಾಕಿಗೆ ಹೊರೆಯಾಗಬಹುದು. ಐದಾರು ಲಕ್ಷದ ವಿವಾದಕ್ಕೆ ಈ ಮಾರ್ಗ ಎಲ್ಲರಿಗೂ ಲಾಭದಾಯಕವಲ್ಲ.

ಸಣ್ಣ ಉದ್ದಿಮೆಗೆ ವಿಶೇಷ ರಕ್ಷಣೆ

ಉದಾಹರಣೆಯ ಕಾರ್ಖಾನೆಗೆ ಇದಕ್ಕಿಂತ ಹತ್ತಿರದ ದಾರಿಯಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರಲ್ಲಿ ‘ಖರೀದಿದಾರ’ ಎಂದರೆ ಪ್ರತಿಫಲ ಕೊಟ್ಟು ಸರಕು ಅಥವಾ ಸೇವೆ ಪಡೆಯುವ ಯಾರೇ ಆಗಬಹುದು. ಸ್ಥಳೀಯ ಸಂಸ್ಥೆ ಇದಕ್ಕೆ ಹೊರತಲ್ಲ. ಇದರ ಮುಖ್ಯ ಅಂಶಗಳು ಹೀಗಿವೆ:

1. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ತಲುಪಿದ ದಿನವೇ ಸ್ವೀಕೃತಿಯಾಯಿತೆಂದು ಕಾನೂನು ಭಾವಿಸುತ್ತದೆ. ಎರಡು ವರ್ಷದ ನಂತರ ಗುಣಮಟ್ಟದ ತಕರಾರು ಎತ್ತುವವರಿಗೆ ಇದು ಉತ್ತರ.

2. ಪಾವತಿಗೆ ಲಿಖಿತ ಒಪ್ಪಂದವಿದ್ದರೂ ಸ್ವೀಕೃತಿಯಿಂದ 45 ದಿನಗಳನ್ನು ಮೀರುವಂತಿಲ್ಲ (ಕಲಂ 15). ಒಪ್ಪಂದ ಇಲ್ಲದಿದ್ದರೆ 15 ದಿನ.

3. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು (ಕಲಂ 16). ಕರಾರಿನಲ್ಲಿ ‘ತಡವಾದ ಪಾವತಿಗೆ ಬಡ್ಡಿ ಇಲ್ಲ’ ಎಂದು ಬರೆದಿದ್ದರೂ ಇದು ಅನ್ವಯ.

4. ವಿವಾದವನ್ನು ಪೂರೈಕೆದಾರ ಇರುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ಒಯ್ಯಬಹುದು (ಕಲಂ 18). ಮೊದಲು ರಾಜಿ ಸಂಧಾನ, ವಿಫಲವಾದರೆ ಮಧ್ಯಸ್ಥಿಕೆ. ಕರಾರಿನಲ್ಲಿ ಬೇರೆ ಮಧ್ಯಸ್ಥಿಕೆಯ ಷರತ್ತಿದ್ದರೂ, ಇಲ್ಲದಿದ್ದರೂ ಈ ಹಕ್ಕು ಉಳಿಯುತ್ತದೆಂದು ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ (2022) ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಾಯ್ದೆ ಹೇಳುವ ಅವಧಿ 90 ದಿನ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು.

5. ಐತೀರ್ಪನ್ನು ಪ್ರಶ್ನಿಸುವ ಖರೀದಿದಾರ ಅದರ ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕು (ಕಲಂ 19).

ಬಡ್ಡಿಯ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ಮೂರು ಪಟ್ಟು ಶೇ. 18, ತಿಂಗಳಿಗೆ ಶೇ. 1.5. ಹತ್ತು ಲಕ್ಷ ರೂಪಾಯಿಗೆ 24 ತಿಂಗಳ ಚಕ್ರಬಡ್ಡಿ 4,29,503 ರೂಪಾಯಿ. ಶೇ. 6ರ ಸರಳ ಬಡ್ಡಿಯಾದರೆ ಬರುವುದು 1,20,000 ಮಾತ್ರ. ಈ ವ್ಯತ್ಯಾಸವನ್ನು ತೋರಿಸುವ ಲೆಕ್ಕಪಟ್ಟಿಯನ್ನು ನೋಟೀಸಿನೊಡನೆ ಲಗತ್ತಿಸಿದರೆ, ತಡಮಾಡುವುದೇ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಕಾರಣವಾದೀತೆಂಬುದು ಕಚೇರಿಗೆ ಮನವರಿಕೆಯಾಗುತ್ತದೆ.

ಆದರೆ ಈ ರಕ್ಷಣೆಗೂ ಮಿತಿಗಳಿವೆ. ಇದು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಮಾತ್ರ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಯ ಮಿತಿ ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿ ರೂಪಾಯಿ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಕೊಂಡು ಮಾರುವ ವ್ಯಾಪಾರಿ ಈ ಬಡ್ಡಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಮಗಾರಿ ಗುತ್ತಿಗೆಗಳಿಗೆ ಕಾಯ್ದೆ ಅನ್ವಯಿಸದೆಂದು ಮುಂಬಯಿ ಉಚ್ಚ ನ್ಯಾಯಾಲಯ ಹೇಳಿದ್ದುಂಟು. ಕರಾರಿನ ನಂತರ ನೋಂದಣಿ ಮಾಡಿಸಿದವರಿಗೆ ಹಿಂದಿನ ಸರಬರಾಜಿನ ಮೇಲೆ ಪ್ರಯೋಜನವಿಲ್ಲವೆಂದು ಸಿಲ್ಪಿ ಇಂಡಸ್ಟ್ರೀಸ್ (2021) ಮತ್ತು ಮಹಾಕಾಳಿ ಫುಡ್ಸ್ ತೀರ್ಪುಗಳು ಹೇಳಿದ್ದು, 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇನ್ನೊಂದು ಪೀಠ ಈ ಪ್ರಶ್ನೆಯನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ವಿವಾದಕ್ಕೆ ಎಡೆಯಾಗದಂತೆ ಟೆಂಡರಿಗೆ ಮೊದಲೇ ನೋಂದಣಿ ಮಾಡಿಸುವುದು ಲೇಸು. ಕೌನ್ಸಿಲ್ ನಡೆಸುವ ಮಧ್ಯಸ್ಥಿಕೆಗೂ ಕಾಲಪರಿಮಿತಿ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಆದೇಶಪತ್ರವಿಲ್ಲದ ಸರಬರಾಜು

‘ಬೇಸಿಗೆ ಬಂತು, ನೀರಿನ ತೊಂದರೆಯಿದೆ; ಮೊದಲು ಸರಕು ಕಳುಹಿಸಿ, ಆದೇಶ ಹಿಂದಿನಿಂದ ಬರುತ್ತದೆ’ ಎಂಬ ಮೌಖಿಕ ಕೋರಿಕೆಯನ್ನು ನಂಬಿ ಸರಕು ಕಳುಹಿಸಿದವರ ಸ್ಥಿತಿ ಕಷ್ಟ. ಕಾನೂನು ಹೇಳಿದ ರೀತಿಯಲ್ಲಿ ಕರಾರು ಆಗಿರದಿದ್ದರೆ ಅದು ಸಂಸ್ಥೆಯನ್ನು ಬಂಧಿಸದು. ಆದರೂ ಭಾರತೀಯ ಕರಾರು ಕಾಯ್ದೆ, 1872ರ ಕಲಂ 70ರಂತೆ, ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ಕೊಟ್ಟ ಸರಕಿನ ಪ್ರಯೋಜನ ಪಡೆದವರು ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ನಡುವಣ ಪ್ರಕರಣದಲ್ಲಿ 1961ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ಸರ್ಕಾರಕ್ಕೂ ಅನ್ವಯಿಸಿತು. ಆದರೆ ಸರಕು ತಲುಪಿದ್ದು, ಬಳಕೆಯಾದದ್ದು, ಅದರ ನ್ಯಾಯವಾದ ಬೆಲೆ ಇವೆಲ್ಲವನ್ನೂ ಸಾಬೀತುಪಡಿಸುವ ಹೊಣೆ ಪೂರೈಕೆದಾರನದು. ಕೊನೆಯ ಪಕ್ಷ ಕಚೇರಿಯ ಆವಕ ಸಂಖ್ಯೆಯುಳ್ಳ ಒಂದು ಪತ್ರವಾದರೂ ಕೈಯಲ್ಲಿರಬೇಕು.

ರಾಜಿಯ ಪ್ರಶ್ನೆ

ಹಲವು ಸಂದರ್ಭಗಳಲ್ಲಿ ‘ಬಡ್ಡಿ ಬಿಟ್ಟರೆ ಅಸಲು ಈ ತಿಂಗಳೇ ಕೊಡುತ್ತೇವೆ’ ಎಂಬ ಮಾತು ಬರುತ್ತದೆ. ಬ್ಯಾಂಕಿಗೆ ತೆರುವ ಬಡ್ಡಿ, ವಕೀಲರ ವೆಚ್ಚ ಹಾಗೂ ಮುಂದಿನ ವ್ಯವಹಾರವನ್ನು ತೂಗಿ ನೋಡಿ ಇದನ್ನು ಒಪ್ಪುವುದು ತಪ್ಪಲ್ಲ. ಆದರೆ ‘ಪೂರ್ಣ ಬಾಕಿ ಸಂದಾಯವಾಗಿದೆ’ ಎಂಬ ಪತ್ರಕ್ಕೆ ಹಣ ಬರುವ ಮೊದಲೇ ಸಹಿ ಮಾಡಬಾರದು. ಒತ್ತಡದಿಂದ ಪಡೆದ ಇಂಥ ಪತ್ರ ಹಕ್ಕನ್ನು ಮುಗಿಸದೆಂದು ಬೋಘರಾ ಪಾಲಿಫ್ಯಾಬ್ ಪ್ರಕರಣ (2008) ತಿಳಿಸುತ್ತದಾದರೂ, ಒತ್ತಡವನ್ನು ರುಜುವಾತುಪಡಿಸುವುದು ಸುಲಭವಲ್ಲ. ರಾಜಿಯನ್ನು ಲೋಕ ಅದಾಲತ್ ಅಥವಾ ಕೌನ್ಸಿಲ್ ಮುಂದೆ ದಾಖಲಿಸುವುದು ಉತ್ತಮ. ಲೋಕ ಅದಾಲತ್ತಿನ ತೀರ್ಪಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಅಧಿಕಾರಿಗೂ ಸಹಿ ಹಾಕಲು ಆಧಾರ ದೊರೆಯುತ್ತದೆ.

ತೆರಿಗೆಯ ಕೆಲವು ಅಂಶಗಳು

ಹಣ ಬರದಿದ್ದರೂ ಸರಕಿನ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಪೂರೈಕೆದಾರ ಕಟ್ಟಲೇಬೇಕು. ಶೇ. 18ರ ದರದಲ್ಲಿ, ತೆರಿಗೆ ಸೇರಿ ಹತ್ತು ಲಕ್ಷದ ಬಿಲ್ಲಿನಲ್ಲಿ ಸುಮಾರು 1,52,500 ರೂಪಾಯಿ ತೆರಿಗೆಯೇ ಆಗುತ್ತದೆ. ಬಾಕಿ ಮುಳುಗಿದರೂ ಈ ತೆರಿಗೆ ಮರಳಿ ಬಾರದು. ಪಾವತಿಯಾಗುವಾಗ, ಕರಾರಿನ ಮೌಲ್ಯ ತೆರಿಗೆ ಬಿಟ್ಟು 2.5 ಲಕ್ಷ ಮೀರಿದ್ದರೆ, ಸ್ಥಳೀಯ ಸಂಸ್ಥೆಯು ಶೇ. 2ರಷ್ಟನ್ನು ಜಿಎಸ್‌ಟಿ ಮೂಲ ಕಡಿತ ಮಾಡುತ್ತದೆ. ಅದು ಪೂರೈಕೆದಾರನ ವಿದ್ಯುನ್ಮಾನ ನಗದು ವಹಿಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಸಣ್ಣ ಉದ್ದಿಮೆಗಳಿಗೆ ಗಡುವಿನೊಳಗೆ ಹಣ ಕೊಡದ ಖರೀದಿದಾರನಿಗೆ ಆ ವರ್ಷ ವೆಚ್ಚದ ಕಳೆತ ಸಿಗದಂತೆ 2023ರ ಹಣಕಾಸು ಕಾಯ್ದೆಯು 43ಬಿ(ಎಚ್) ಕಲಮನ್ನು ತಂದಿತು. ಖಾಸಗಿ ಖರೀದಿದಾರರು ಇದಕ್ಕೆ ಅಂಜಿ ಬೇಗ ಪಾವತಿಸತೊಡಗಿದರು. ಸ್ಥಳೀಯ ಸಂಸ್ಥೆಗಳ ಆದಾಯಕ್ಕೆ ಬಹುಪಾಲು ವಿನಾಯಿತಿ ಇರುವುದರಿಂದ ಅವುಗಳ ಮೇಲೆ ಈ ಅಂಕುಶ ನಾಟದು. ಅವುಗಳ ಮಟ್ಟಿಗೆ ಕಲಂ 16ರ ಬಡ್ಡಿಯೇ ಪರಿಣಾಮಕಾರಿ ಅಂಕುಶ.

ನೆನಪಿಡಬೇಕಾದ ಅಂಶಗಳು

1. ಟೆಂಡರಿಗೆ ಮೊದಲು ಉದ್ಯಮ್ ನೋಂದಣಿ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ.
2. ಲಿಖಿತ ಆದೇಶ ಬಾರದೆ ಸರಕು ಕಳುಹಿಸದಿರುವುದು.
3. ಸರಕು ಇಳಿಸಿದ ದಿನವೇ ದಿನಾಂಕ ಮತ್ತು ಮುದ್ರೆಯುಳ್ಳ ಸ್ವೀಕೃತಿ.
4. 45 ದಿನ ಕಳೆದೊಡನೆ ಬಡ್ಡಿಯ ಲೆಕ್ಕದೊಂದಿಗೆ ಲಿಖಿತ ಬೇಡಿಕೆ.
5. ಪ್ರತಿ ವರ್ಷ ಅಧಿಕೃತ ಸಹಿಯುಳ್ಳ ಬಾಕಿ ದೃಢೀಕರಣ ಪತ್ರ.
6. ಎರಡನೆಯ ವರ್ಷ ಮುಗಿಯುವುದರೊಳಗೆ ಕೌನ್ಸಿಲ್, ಮಧ್ಯಸ್ಥಿಕೆ ಅಥವಾ ದಾವೆ, ಈ ಮೂರರಲ್ಲಿ ಒಂದರ ಆಯ್ಕೆ.

ಉದಾಹರಣೆಯ ಕಾರ್ಖಾನೆಯ ಬಳಿ ಆದೇಶ, ಸ್ವೀಕೃತಿ, ನೋಂದಣಿ ಮೂರೂ ಇದ್ದರೆ ಅದರ ದಾರಿ ನೇರವಾಗಿ ಕೌನ್ಸಿಲ್ ಕಡೆಗೆ. ಉಳಿದಿರುವ ಒಂದು ವರ್ಷದೊಳಗೆ ಹೆಜ್ಜೆಯಿಡಬೇಕು. ಈ ಮೂರರಲ್ಲಿ ಯಾವುದು ಇಲ್ಲದಿದ್ದರೂ ಅದರ ಬೆಲೆಯನ್ನು ವರ್ಷಗಳ ಲೆಕ್ಕದಲ್ಲಿ ತೆರಬೇಕಾಗುತ್ತದೆ. ಸ್ಥಳೀಯ ಸಂಸ್ಥೆಯೊಡನೆ ನಡೆಯುವ ವ್ಯಾಜ್ಯದ ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾಗುವುದು ಲಾರಿಯಿಂದ ಸರಕು ಇಳಿದ ದಿನ, ಉಗ್ರಾಣದ ಬಾಗಿಲಲ್ಲಿ.